ಸೈಮಿಯ ತೋಟಾಗಳು

ಬಿಳಿ ಮುಚ್ಚಳ ಖಾಲಿ ಡಬ್ಬಿಯ ಮೇಲಿತ್ತು. ಒಣಗಿದ ಟವೆಲುಗಳ ಬುಟ್ಟಿಯನ್ನು ಸೊಂಟಕ್ಕೊತ್ತಿಕೊಂಡು ಹಿಲ್ಕಾ ಶೆಲ್ಫಿನ ಮುಂದೆ ನಿಂತುಬಿಟ್ಟಳು. ಅಲ್ಲಿ ಎರಡು ಕಪ್ಪು ಪ್ಲಾಸ್ಟಿಕ್ ಡಬ್ಬಿಗಳಿದ್ದವು. ಒಂದೇ ಕಾರ್ಖಾನೆಯವು, ಒಂದೇ ಎತ್ತರದವು, ಚೀಟಿಯ ಮೇಲಿನ ಸಂಖ್ಯೆ ಮಾತ್ರ ಬೇರೆ. ಅದಕ್ಕೇ ಅವಳು ಮುಚ್ಚಳಗಳಿಗೆ ಬಣ್ಣ ಬಳಿದಿಟ್ಟಿದ್ದಳು: ಮಗಳ ರೈಫಲ್ಲಿನ ಮದ್ದಿಗೆ ಬಿಳಿ, ಗಂಡನ ಮದ್ದಿಗೆ ಕೆಂಪು. ಈಗ ಬಿಳಿ ಮುಚ್ಚಳ ಗಂಡನ ಡಬ್ಬಿಯ ಮೇಲೂ ಕೆಂಪು ಮುಚ್ಚಳ ಮಗಳ ಡಬ್ಬಿಯ ಮೇಲೂ ಕೂತಿದ್ದವು.

ಬುಟ್ಟಿಯನ್ನು ಬಟ್ಟೆ ಒಗೆಯುವ ಯಂತ್ರದ ಮೇಲಿಟ್ಟು ಎರಡೂ ಡಬ್ಬಿ ತೆರೆದು ನೋಡಿದಳು. ಗಂಡನದು ಖಾಲಿ. ಮಗಳದರಲ್ಲಿ ಅರ್ಧದಷ್ಟಿತ್ತು. ಮುಚ್ಚಳ ಅದಲುಬದಲಾಗಬೇಕಾದರೆ ಎರಡು ಡಬ್ಬಿಗಳೂ ಒಂದೇ ಹೊತ್ತಿಗೆ ತೋಟಾ ತುಂಬುವ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿರಬೇಕು. ಈ ಮನೆಯಲ್ಲಿ ಹಾಗೆ ಆಗಬಾರದು ಎಂದು ಮೊದಲು ಹೇಳಿದವಳು ಅವಳೇ.

ಗಂಡ ಅಹ್ತಿ ಅಂಗಳದಲ್ಲಿ ದೋಣಿಯನ್ನು ಬೋರಲು ಹಾಕಿ ಟಾರು ಬಳಿಯುತ್ತಿದ್ದ. ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುವವನು; ಶುಕ್ರವಾರ ಬೇರೆ ದಿನಕ್ಕಿಂತ ಬೇಗ, ಮಧ್ಯಾಹ್ನವೇ ಮನೆಗೆ ಬಂದರೆ ಕೈ ಸುಮ್ಮನಿರದು. ಹಿಲ್ಕಾ ಎರಡೂ ಡಬ್ಬಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋದಳು.

"ಬುಧವಾರ ನಾನು ಕೆಲಸಕ್ಕೆ ಹೋದಾಗ ನೀನು ಮೇಜು ಮುಟ್ಟಿದ್ಯಾ?"

"ಹತ್ತು ಬೆಕ್ಕಿನ ಹೂಸು ಮಾಡ್ಕೊಂಡೆ, ಅಷ್ಟೇ," ಅಂದ ಅಹ್ತಿ, ತಲೆ ಎತ್ತದೆ.

ಸದ್ದಾಗದ ತೋಟಾಕ್ಕೆ ಆ ಕಡೆಯವರೆಲ್ಲ ಇಟ್ಟ ಹೆಸರು ಅದು. ಚರ್ಚಿನ ಪಾದ್ರಿ ಕೂಡ ಬೇರೆ ಹೆಸರಿನಿಂದ ಕರೆಯುವುದಿಲ್ಲ. ಪಿಸ್ತೂಲಿಗೆ ಹಾಕುವ, ಬೇಗ ಉರಿಯುವ ಮದ್ದನ್ನು ಒಂದು ಚಿಟಿಕೆ ಹಾಕಿದರೆ ದೊಡ್ಡ ಕೋವಿಯೂ ಪುಸ್ಸೆನ್ನುತ್ತದೆ. ಸ್ಟ್ರಾಬೆರಿ ಪಾತಿಗೆ ಬರುವ ಕಾಗೆಗಳಿಗೆ ಅಷ್ಟು ಸಾಕು. ಮಗಳು ಸೈಮಿಯ ಮದ್ದು ಬೇರೆ. ಅದು ನಿಧಾನಕ್ಕೆ ಉರಿಯುವಂಥದ್ದು, ತೋಟಾದ ಹಿತ್ತಾಳೆ ಕೊಳವೆಯ ಕುತ್ತಿಗೆಯವರೆಗೆ ತುಂಬಬೇಕು. ಆ ತುಂಬು ಕೊಳವೆಯಲ್ಲಿ ಬೇಗ ಉರಿಯುವ ಮದ್ದು ಸೇರಿಕೊಂಡರೆ ರೈಫಲ್ಲು ಹಿಂದಕ್ಕೆ ಸಿಡಿಯುತ್ತದೆ. ಹಿಂದೆ ಇರುವುದು ಹೊಡೆಯುವವರ ಕೆನ್ನೆ.

ಹಿಲ್ಕಾ ಒಂದೊಂದಾಗಿ ಕೇಳಿದಳು. ಅಹ್ತಿ ಬ್ರಷ್ಷು ಹಿಡಿದುಕೊಂಡೇ ಒಂದೊಂದಾಗಿ ಹೇಳಿದ. ತೋಟಾಕ್ಕೆ ಬೇಕಾದಷ್ಟೇ ಮದ್ದು ಉದುರಿಸುವ ಅವಳ ಅಳತೆಯಂತ್ರ ತುಂಬಿಕೊಂಡಿತ್ತು. ಮೇಜಿನ ಮೇಲೆ ಜಾಗವಿರಲಿಲ್ಲ. ಅದಕ್ಕೆ ಅದನ್ನು ಬಿಚ್ಚಿ, ಮದ್ದನ್ನು ಅವಳ ಡಬ್ಬಿಗೆ ಸುರಿದು, ಯಂತ್ರವನ್ನು ಆಚೆ ಇಟ್ಟು ತನ್ನ ಹತ್ತು ತೋಟಾ ಮಾಡಿಕೊಂಡ. ಆಮೇಲೆ ಯಂತ್ರವನ್ನು ಇದ್ದಲ್ಲೇ ಕೂರಿಸಿ, ಇದ್ದಷ್ಟೇ ಮದ್ದು ತುಂಬಿಸಿಟ್ಟ. ಬಂದವಳು ಕೂಗಾಡಬಾರದಲ್ಲ, ಅದಕ್ಕೆ.

"ಯಾವ ಡಬ್ಬಿಯಿಂದ ತುಂಬಿಸ್ದೆ?"

"ನಿನ್ನದರಿಂದ್ಲೇ."

"ನನ್ನದು ಅಂತ ಹೇಗೆ ಗೊತ್ತಾಯ್ತು?"

"ಬಿಳಿ ಮುಚ್ಚಳ ಇತ್ತಲ್ಲ—" ಅಂದವನು ಅವಳ ಕೈಯಲ್ಲಿದ್ದ ಡಬ್ಬಿಗಳನ್ನು ಆಗ ನೋಡಿದ. ಬ್ರಷ್ಷಿನಿಂದ ಟಾರು ಅವನ ಬೂಟಿನ ಮೇಲೆ ತೊಟ್ಟಿಕ್ಕಿತು.

ಅವನ ಡಬ್ಬಿಯ ತಳದಲ್ಲಿ ಎಷ್ಟು ಉಳಿದಿತ್ತು ಎಂದು ಕೇಳಿದಳು. ಮೂರೋ ನಾಲ್ಕೋ ಚಮಚ ಇದ್ದಿರಬೇಕು ಅಂದ. ಈಗ ಖಾಲಿಯಾಗಿದೆಯಲ್ಲ, ಅದೆಲ್ಲಿ ಹೋಯಿತು ಎಂದಳು. ತಾನೇ ಮುಗಿಸಿರಬೇಕು ಅಂದ. ಮುಗಿಸಿರಬೇಕೋ, ಮುಗಿಸಿದ್ದೋ ಎಂದು ಕೇಳಿದ್ದಕ್ಕೆ ಬ್ರಷ್ಷನ್ನು ಟಾರಿನ ಡಬ್ಬದೊಳಗೆ ಇಳಿಸಿ, ನೆನಪಿಲ್ಲ ಅಂದ. ಅಹ್ತಿ ಸುಳ್ಳು ಹೇಳುವವನಲ್ಲ. ನೆನಪಿಲ್ಲದ್ದನ್ನು ನೆನಪಿದೆ ಎಂದು ಹೇಳಲು ಅವನಿಗೆ ಬಾರದು. ಆ ಮೂರು ನಾಲ್ಕು ಚಮಚ ಸೈಮಿಯ ಮದ್ದಿನೊಂದಿಗೆ ಬೆರೆತು ಯಂತ್ರಕ್ಕೆ, ಅಲ್ಲಿಂದ ತೋಟಾಗಳಿಗೆ ಹೋಗಿರಬಹುದು.

ತಪ್ಪು ಅವನೊಬ್ಬನದೇ ಎನ್ನುವಂತಿರಲಿಲ್ಲ. ಬುಧವಾರ ಸೈಮಿಯ ತೋಟಾಗಳಲ್ಲಿ ಅರ್ಧದಷ್ಟನ್ನು ತುಂಬಿಯಾಗಿತ್ತು. ಆಗ ವೃದ್ಧರ ಮನೆಯ ಅಡುಗೆಮನೆಯಿಂದ ಫೋನು ಬಂತು. ಸಂಜೆಯ ಅಡುಗೆಯವಳು ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದಾಳೆ, ಮೀನಿನ ಸೂಪು ಒಲೆಯ ಮೇಲಿದೆ, ಬಂದು ಬಡಿಸಿಕೊಡು ಎಂದು. ಕೆಲಸದ ಮಧ್ಯೆ ಎದ್ದರೆ ಯಂತ್ರ ಬರಿದು ಮಾಡಿ, ಡಬ್ಬಿ ಮುಚ್ಚಿ, ಒಳಗಿಟ್ಟು ಏಳಬೇಕು. ಇದನ್ನು ಗುರಿ ಹೊಡೆಯುವವರ ಕ್ಲಬ್ಬಿಗೆ ಹೊಸದಾಗಿ ಬರುವವರಿಗೆಲ್ಲ ಹಿಲ್ಕಾ ಹೇಳಿಕೊಡುತ್ತಿದ್ದಳು. ಆ ದಿನ ಬೇಗ ಬರುತ್ತೇನಲ್ಲ ಎಂದುಕೊಂಡು ಹಾಗೇ ಎದ್ದು ಹೋದಳು. ಬಂದು ಕೂತಾಗ ಯಂತ್ರ ಇದ್ದಲ್ಲೇ ಇತ್ತು, ಮದ್ದು ಇದ್ದಷ್ಟೇ ಇತ್ತು. ಉಳಿದರ್ಧ ತುಂಬಿದಳು. ಕೊನೆಯ ತೋಟಾದ ಹೊತ್ತಿಗೆ ಯಂತ್ರ ಬರಿದಾಗಿದ್ದರಿಂದ ಡಬ್ಬಿಯನ್ನು ತೆರೆಯುವ ಪ್ರಮೇಯವೇ ಬರಲಿಲ್ಲ.

ಎರಡೂ ಮದ್ದು ನೋಡಲು ಬೂದುಬಣ್ಣದ ಸಣ್ಣ ಕಡ್ಡಿಗಳು. ಅಹ್ತಿಯದು ಕೊಂಚ ಸಣ್ಣ. ಕಿಟಕಿಯ ಹತ್ತಿರ ಹೋಗಿ ಭೂತಗನ್ನಡಿಯಲ್ಲಿ ಡಬ್ಬಿಯ ಮದ್ದು ನೋಡಿದಳು. ಸಣ್ಣ ಚೂರುಗಳೇನೋ ಇದ್ದವು. ಆದರೆ ಅಳತೆಯಂತ್ರದ ಹಲ್ಲಿಗೆ ಸಿಕ್ಕಿ ಮುರಿದ ದೊಡ್ಡ ಕಡ್ಡಿಯೂ ಹಾಗೇ ಕಾಣುತ್ತದೆ. ಹೀಗೇ ಎಂದು ಹೇಳುವಂತಿರಲಿಲ್ಲ. ಮೊದಲ ಅರ್ಧವನ್ನಾದರೂ ಬೇರೆ ಮಾಡಬಹುದಿತ್ತೇ ಎಂದರೆ ಅದೂ ಇಲ್ಲ. ತುಂಬಿದ ಮೇಲೆ ಅವಳು ಒಂದೊಂದು ತೋಟಾವನ್ನೂ ಉರುಳಿಸಿ ನೋಡಿ, ಗುಂಡು ಅತಿ ನೇರವಾಗಿ ಕೂತವನ್ನು ಒಂದು ಪೆಟ್ಟಿಗೆಗೂ ಉಳಿದವನ್ನು ಇನ್ನೊಂದಕ್ಕೂ ಹಾಕಿದ್ದಳು. ಎಲ್ಲ ಬೆರೆತುಹೋಗಿದ್ದವು. ಪೆಟ್ಟಿಗೆಗಳೆರಡೂ ಈಗ ಸೈಮಿಯ ಕಾರಿನಲ್ಲಿ ದಕ್ಷಿಣಕ್ಕೆ ಮೂರು ಗಂಟೆ ದಾರಿ ದೂರದಲ್ಲಿದ್ದವು. ನಾಳೆ ಬೆಳಿಗ್ಗೆ ದೇಶದ ತಂಡಕ್ಕೆ ಆಯ್ಕೆ.

ಆ ಎಂಬತ್ತು ತೋಟಾ ಒಂದು ಚಳಿಗಾಲದ ಕೆಲಸ. ಶರತ್ಕಾಲದಲ್ಲಿ ಸೈಮಿಯ ರೈಫಲ್ಲಿಗೆ ಹೊಸ ನಳಿಗೆ ಹಾಕಿಸಿದ್ದರು. ಹೊಸ ನಳಿಗೆಗೆ ಹಳೆಯ ಲೆಕ್ಕ ಒಗ್ಗುವುದಿಲ್ಲ. ಅದಕ್ಕೆ ಏನು ರುಚಿಸುತ್ತದೆ ಎಂದು ಮೊದಲಿನಿಂದ ಕಂಡುಕೊಳ್ಳಬೇಕು. ಹಿಲ್ಕಾ ಕಡಿಮೆ ಮದ್ದಿನಿಂದ ಶುರು ಮಾಡಿ, ಉಪ್ಪಿನ ಕಾಳಿನಷ್ಟು ಉಪ್ಪಿನ ಕಾಳಿನಷ್ಟು ಏರಿಸುತ್ತ, ಪ್ರತಿ ಅಳತೆಗೂ ಹತ್ತು ತೋಟಾ ತುಂಬುತ್ತಿದ್ದಳು. ಔಲು ನಗರದಲ್ಲಿ ಬಸ್ಸು ಓಡಿಸುವ ಸೈಮಿ ರಜೆ ಸಿಕ್ಕ ಭಾನುವಾರ ಬರುತ್ತಿದ್ದಳು. ಇಬ್ಬರೂ ಜಾರುಗಾಡಿಯಲ್ಲಿ ರೈಫಲ್ಲು ಎಳೆದುಕೊಂಡು ಹಿಮದ ಮೇಲೆ ಕ್ಲಬ್ಬಿನ ಮೈದಾನಕ್ಕೆ ಹೋಗುತ್ತಿದ್ದರು. ಸೈಮಿ ಹಿಮಸಾರಂಗದ ಚರ್ಮ ಹಾಸಿಕೊಂಡು ಮಲಗುವಳು. ತಾಯಿ ತೋಟಾಗಳನ್ನು ಕೋಟಿನ ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಂಡು ಒಂದೊಂದಾಗಿ ಕೊಡುವಳು, ಗುಂಡಿನ ವೇಗ ತೋರಿಸುವ ಪೆಟ್ಟಿಗೆಯ ಅಂಕಿಗಳನ್ನು ಬರೆದುಕೊಳ್ಳುವಳು. ಹೊಡೆದ ಮೇಲೆ ಗಟ್ಟಿ ಹಿಮದ ಮೇಲೆ ಮುನ್ನೂರು ಮೀಟರು ನಡೆದು ಹೋಗಿ ಗುರಿಯ ಹಲಗೆಯನ್ನು ನೋಡಿ ಬರುವುದು.

ಕ್ಲಬ್ಬಿನ ಗಂಡಸರು ಮೂರು ಗುಂಡು ಹೊಡೆದು, ಮೂರೂ ಹತ್ತಿರ ಬಿದ್ದರೆ ಸಿಕ್ಕಿತು ಎಂದು ಮನೆಗೆ ಹೋಗುವವರು. ಹಿಲ್ಕಾ ಒಪ್ಪುತ್ತಿರಲಿಲ್ಲ. ಮೂರು ಹತ್ತಿರ ಬೀಳುವುದು ಅದೃಷ್ಟ, ಹತ್ತು ಬಿದ್ದರೆ ಕೆಲಸ ಎಂದು ಮಗಳನ್ನು ಮತ್ತೆ ಮಲಗಿಸುತ್ತಿದ್ದಳು. "ನಿಮ್ಮಮ್ಮನಿಗೆ ಗಂಡ ಆರಿಸೋವಾಗ ಇಷ್ಟು ತಾಳ್ಮೆ ಇರ್ಲಿಲ್ಲ," ಎಂದು ಅಹ್ತಿ ಹೇಳುತ್ತಿದ್ದ. ಮದ್ದಿನ ಅಳತೆ ಸಿಕ್ಕಿದ ಮೇಲೆ ಗುಂಡನ್ನು ಎಷ್ಟು ಆಳಕ್ಕೆ ಕೂರಿಸಬೇಕು ಎನ್ನುವುದು. ಅದು ಕೂದಲೆಳೆಯ ಲೆಕ್ಕ. ಏಪ್ರಿಲ್ಲಿನಲ್ಲಿ ಒಂದು ಮೋಡದ ದಿನ ಹಲಗೆಯ ಹತ್ತಿರ ಹೋದ ಸೈಮಿ ಅಲ್ಲೇ ನಿಂತುಬಿಟ್ಟಳು. ತಾಯಿ ಹತ್ತಿರ ಬಂದಾಗ ಜೇಬಿನಿಂದ ಎರಡು ಯೂರೋದ ಒಂದು ನಾಣ್ಯ ತೆಗೆದು ಹಲಗೆಗೆ ಒತ್ತಿಟ್ಟಳು. ಹತ್ತೂ ತೂತು ಅದರ ಕೆಳಗೆ ಮುಚ್ಚಿಹೋದವು. ಆ ದಿನ ಇಬ್ಬರೂ ಕಾರಿನಲ್ಲಿ ಕೂತು ಏಲಕ್ಕಿ ಬನ್ನು ತಿಂದು ಕಾಫಿ ಕುಡಿದರು. ಹೆಚ್ಚು ಮಾತಾಡಲಿಲ್ಲ.

ಹಿಂದೆ ಎರಡು ಸಲ ಸೈಮಿ ಆಯ್ಕೆಗೆ ಹೋಗಿ ಹಿಂದೆ ಬಿದ್ದಿದ್ದಳು. ಈ ಸಲ ಜಾಗವಿದ್ದದ್ದು ಇಬ್ಬರಿಗೆ. ಅವಳಿಗೆ ಒಂದು ಸಿಗುತ್ತದೆ ಎಂದು ಕ್ಲಬ್ಬಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳದವಳೆಂದರೆ ಹಿಲ್ಕಾ ಒಬ್ಬಳೇ. ಅವಳಿಗೂ ಹಾಗೇ ಅನ್ನಿಸಿತ್ತು.

ಅವಳು ಟವೆಲುಗಳನ್ನು ಮಡಚಿಟ್ಟು ಫೋನು ಮಾಡಿದಳು. ಮಗಳು ಆಗಷ್ಟೇ ಮೈದಾನದಲ್ಲಿ ಚಾಪೆ ಹಾಸಿ ನೋಡಿ ಬಂದಿದ್ದಳಂತೆ. ಗಾಳಿ ಚೆನ್ನಾಗಿದೆ, ತರಬೇತಿ ಕೊಡುವ ಎನ್ಸಿಯೊ ಸಾಸೇಜು ಸುಡುತ್ತಿದ್ದಾರೆ, ಅರ್ಧ ಕರಕಲು ಎಂದಳು. ಹಿಲ್ಕಾ ಎಲ್ಲವನ್ನೂ ಆದ ಕ್ರಮದಲ್ಲೇ ಹೇಳಿದಳು. ಮುಚ್ಚಳ, ಯಂತ್ರ, ಅಪ್ಪ, ಖಾಲಿ ಡಬ್ಬಿ. ಆ ಕಡೆ ಯಾರೋ ನಗುತ್ತಿದ್ದದ್ದು ಕೇಳಿಸಿತು. ಆಮೇಲೆ ಸೈಮಿ ಅಲ್ಲಿಂದ ಎದ್ದು ದೂರ ಬಂದಿರಬೇಕು, ನಗು ಕೇಳಿಸಲಿಲ್ಲ.

"ಎಷ್ಟು ಅನುಮಾನ, ಅಮ್ಮ?"

"ಅಳೆಯಕ್ಕಾಗಲ್ಲ."

"ನಿನ್ನ ಕೈಲಿ ಅಳೆಯಕ್ಕಾಗದ್ದು ಅಂತ ಒಂದಿದೆ, ಹಾಗಾದ್ರೆ."

ಹಿಲ್ಕಾ ಖಾಲಿ ಡಬ್ಬಿಯ ಮುಚ್ಚಳವನ್ನು ಬಿಗಿಮಾಡಿದಳು.

"ಹತ್ತು ಹೊಡೆದು ನೋಡ್ತೀನಿ. ಹತ್ತೂ ಸರಿ ಇದ್ರೆ?"

"ಹನ್ನೊಂದನೇದು?"

"ನೀನಾಗಿದ್ರೆ ಹೊಡೀತಿರ್ಲಿಲ್ವಾ?"

"ಇಲ್ಲ."

ಮಗಳ ಉಸಿರು ಕೇಳಿಸುತ್ತಿತ್ತು. "ಅಂಗಡಿ ತೋಟಾ ಹಾಕಿ ಇಲ್ಲಿ ಯಾರೂ ಗೆದ್ದಿಲ್ಲ, ಗೊತ್ತಲ್ಲ ನಿನಗೆ," ಅಂದಳು. ಗೊತ್ತು ಎಂದು ತಾಯಿ ಹೇಳುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಮತ್ತೆ ಮಾಡಿದರೆ ಎತ್ತಲಿಲ್ಲ. ಅಂಗಳದಲ್ಲಿ ಅಹ್ತಿ ದೋಣಿ ಬಿಟ್ಟು, ಕಟ್ಟಿಗೆ ಸೀಳುವ ಮೋಟಿನ ಮೇಲೆ ಕೂತಿದ್ದ. ಹೇಳಿದ್ಯಾ ಎಂದು ಕೇಳಿದ. ಹೇಳಿದೆ. ಏನಂದಳು ಎಂದು ಕೇಳಿದ. ಏನೂ ಅನ್ನಲಿಲ್ಲ ಅಂದಳು ಹಿಲ್ಕಾ.

ಹೊಸದಾಗಿ ತುಂಬಿಕೊಂಡು ಹೋಗೋಣವೆಂದರೆ ಆ ನಳಿಗೆಗೆ ಒಗ್ಗಿದ ಕೊಳವೆಗಳೆಲ್ಲ ಮಗಳ ಹತ್ತಿರವಿದ್ದವು, ಡಬ್ಬಿಯ ಮದ್ದನ್ನು ನಂಬುವಂತಿರಲಿಲ್ಲ. ಬೇರೆ ಡಬ್ಬಿ ತಂದರೆ ಚಳಿಗಾಲದ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಬೇಕು. ಅವಳು ಗಂಜಿ ಕಾಯಿಸಿ ಅಹ್ತಿಗೆ ಬಡಿಸಿದಳು. ತಾನು ನಿಂತೇ ತಿಂದಳು.

ಮರುದಿನ ಬೆಳಿಗ್ಗೆ ಒಬ್ಬಳೇ ಕಾರು ತೆಗೆದುಕೊಂಡು ಹೊರಟಳು. ತಾನೂ ಬರಲೇ ಎಂದು ಅಹ್ತಿ ಕೇಳಿದ್ದಕ್ಕೆ ನಾಯಿಗೆ ಊಟ ಹಾಕುವವರು ಯಾರು ಎಂದಳು. ಮೈದಾನ ತಲುಪಿದಾಗ ಸ್ಪರ್ಧೆ ಶುರುವಾಗಿತ್ತು. ಕಿವಿಗೆ ಮುಚ್ಚಿಗೆ ಹಾಕಿಕೊಂಡು ಹಿಂದಿನ ಬೆಂಚಿನ ಸಾಲಿಗೆ ಹೋದಳು. ಮಲಗಿದವರ ಬೂಟಿನ ಅಡಿಗಳೆಲ್ಲ ಒಂದೇ ಥರ ಕಾಣುತ್ತಿದ್ದವು. ಸೈಮಿಯನ್ನು ಅವಳು ಜಡೆಯಿಂದ ಗುರುತು ಹಿಡಿದಳು. ಮೊದಲು ಮಗಳ ಮುಖ ನೋಡಲಿಲ್ಲ, ಅವಳ ಬಲಗೈಯ ಹತ್ತಿರ ಏನಿದೆ ಎಂದು ನೋಡಿದಳು. ಅಂಗಡಿಯ ತೋಟಾದ ನೀಲಿ ರಟ್ಟಿನ ಡಬ್ಬಿ ಇತ್ತು.

ಹಿಲ್ಕಾ ಬೆಂಚಿನ ಮೇಲೆ ಕೂತಳು. ಆಮೇಲೆ ಗುರಿಯ ಪರದೆಗಳನ್ನು ನೋಡುತ್ತ ಕೂತಳು. ಸೈಮಿ ಚೆನ್ನಾಗಿ ಹೊಡೆಯುತ್ತಿದ್ದಳು. ಅವಳ ಉಸಿರು, ಬೆರಳು, ಗಾಳಿಗೆ ಕಾಯುವುದು ಎಲ್ಲ ಸರಿಯಾಗಿತ್ತು. ಹತ್ತು ಅಂಕ ಬೀಳಬೇಕಾದ ಕಡೆ ಒಂಬತ್ತು ಬೀಳುತ್ತಿತ್ತು, ಅಷ್ಟೇ. ಅದು ಕೈಯ ತಪ್ಪಲ್ಲ ಎಂದು ನೋಡುವವರಿಗೆ ಗೊತ್ತಾಗುತ್ತಿತ್ತು. ಪ್ರತಿ ಒಂಬತ್ತಿಗೂ ಸೈಮಿ ಕೆನ್ನೆ ಎತ್ತದೆ ಮುಂದಿನ ತೋಟಾಕ್ಕೆ ಕೈ ಚಾಚುತ್ತಿದ್ದಳು.

ಕೊನೆಗೆ ಅವಳು ನಾಲ್ಕನೆಯವಳಾದಳು. ಎನ್ಸಿಯೊ ಹಿಲ್ಕಾಳ ಪಕ್ಕ ಬಂದು ನಿಂತು ಟೋಪಿಯನ್ನು ತೆಗೆದು ಮತ್ತೆ ಹಾಕಿಕೊಂಡರು. ಹುಡುಗಿ ಇಷ್ಟು ಚೆನ್ನಾಗಿ ಹೊಡೆದದ್ದನ್ನು ತಾವು ನೋಡೇ ಇಲ್ಲ, ನಿಮ್ಮ ತೋಟಾ ಇದ್ದಿದ್ದರೆ ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿ, ಕಾಫಿ ಇದೆ, ಕುಡಿದು ಹೋಗಿ ಎಂದರು.

ಸೈಮಿ ರೈಫಲ್ಲನ್ನು ಚೀಲಕ್ಕೆ ಹಾಕಿ, ತನ್ನ ಕಾರಿನಿಂದ ಎರಡು ಪೆಟ್ಟಿಗೆ ತಂದು ತಾಯಿಯ ಕೈಗಿಟ್ಟಳು. ಕಣ್ಣು ಕೆಂಪಾಗಿರಲಿಲ್ಲ. ಬಾಯಿಯ ಸುತ್ತ ಮಾತ್ರ ಬಿಗಿದಿತ್ತು.

"ಕಿತ್ತು ನೋಡು," ಅಂದಳು.

"ನೋಡ್ತೀನಿ."

"ಒಂದೊಂದನ್ನೂ ನೋಡು. ಏನು ಸಿಕ್ತು ಅಂತ ನನಗೆ ಹೇಳು. ಯೂಹಾನುಸ್ಸಿಗೆ ಬರ್ತೀನಲ್ಲ, ಆಗ ಹೇಳು. ಫೋನಲ್ಲಿ ಬೇಡ."

ಯೂಹಾನುಸ್, ನಡುಬೇಸಿಗೆಯ ಹಬ್ಬ, ಎರಡು ವಾರವಿತ್ತು. ಹಿಲ್ಕಾ ದಿನಕ್ಕೆ ಆರೇಳು ತೋಟಾ ಕಿತ್ತಳು. ಕೀಳುವ ಸಾಧನ ಸುತ್ತಿಗೆಯ ಹಾಗಿರುತ್ತದೆ. ತಲೆಯೊಳಗೆ ತೋಟಾ ಸಿಕ್ಕಿಸಿ ಮರದ ಮೋಟಿನ ಮೇಲೆ ಕುಟ್ಟಿದರೆ ಗುಂಡು ಕಳಚಿ, ಮದ್ದು ಉದುರುತ್ತದೆ. ಬಟ್ಟೆ ಯಂತ್ರ ತಿರುಗುವಾಗ ಕೂತು ಕುಟ್ಟುತ್ತಿದ್ದಳು. ಅದು ನಿಂತ ಮೇಲೆ ತೂಗುತ್ತಿದ್ದಳು. ಬಳಿಕ ಮದ್ದನ್ನು ಬಿಳಿ ತಟ್ಟೆಗೆ ಸುರಿದು, ಕಿಟಕಿಯ ಬೆಳಕಿಗೆ ಹಿಡಿದು, ಹೆಣಿಗೆ ಕಡ್ಡಿಯ ತುದಿಯಿಂದ ಒಂದೊಂದು ಕಡ್ಡಿಯನ್ನೂ ಬೇರೆ ಮಾಡಿ ಭೂತಗನ್ನಡಿಯಲ್ಲಿ ನೋಡುತ್ತಿದ್ದಳು. ಗುರುವಾರದ ಸೂಪಿಗೆ ಬಟಾಣಿ ಆರಿಸುವ ಕೈ ಅದು. ಸಮಯ ಕೊಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತಿತ್ತು. ಮುರಿದ ಚೂರಿಗೆ ಒಂದು ತುದಿ ಒರಟಾಗಿರುತ್ತದೆ. ಅಹ್ತಿಯ ಮದ್ದಿನ ಕಡ್ಡಿಗೆ ಎರಡೂ ತುದಿ ನುಣುಪು, ಮೈಗೆ ಹೊಳಪಿಲ್ಲ.

ಮೊದಲ ದಿನ ಎಲ್ಲ ಸರಿಯಾಗಿದ್ದವು. ಎರಡನೆಯ ದಿನವೂ ಹಾಗೇ. ವೃದ್ಧರ ಮನೆಗೆ ಹೋಗಿ ಬಂದು, ಸಾರಿಗಿಟ್ಟು, ಪಾತಿಗೆ ನೀರು ಹಾಕಿ, ನಡುವೆ ಸಿಕ್ಕ ಹೊತ್ತಿನಲ್ಲಿ ಬಂದು ಕೂರುತ್ತಿದ್ದಳು. ಮೊದಮೊದಲು ಹೆದರಿಕೊಂಡೇ ತಟ್ಟೆಯ ಮೇಲೆ ಬಗ್ಗುತ್ತಿದ್ದಳು. ಒಂದು ಪೆಟ್ಟಿಗೆ ಮುಗಿಯುವ ಹೊತ್ತಿಗೆ ತಾನು ಹೆದರುತ್ತಿಲ್ಲ, ಹುಡುಕುತ್ತಿದ್ದೇನೆ ಎಂದು ಅವಳಿಗೆ ತಿಳಿಯಿತು. ಒಂದು ಸಿಕ್ಕರೆ ಸಾಕು ಎಂದು ಕಾಯುತ್ತಿದ್ದಳು. ಮಗಳ ಕೆನ್ನೆಯ ಹತ್ತಿರ ಸಿಡಿಯಬಹುದಾಗಿದ್ದ ಒಂದು ತೋಟಾ ತನ್ನ ಕೈಯಿಂದಲೇ ಆಗಿರಲಿ ಎಂದು ಕಾಯುತ್ತಿದ್ದಳು. ಅದು ಹೊಳೆದ ದಿನ ಹೆಣಿಗೆ ಕಡ್ಡಿ ಕೆಳಗಿಟ್ಟು, ಎದ್ದು ಹೋಗಿ ಪಾತ್ರೆ ತೊಳೆದಳು. ತೊಳೆದಿಟ್ಟವನ್ನೂ ಮತ್ತೆ ತೊಳೆದಳು.

ಹಬ್ಬದ ಹಿಂದಿನ ದಿನ ಕೊನೆಯ ತೋಟಾ ಕಿತ್ತಳು. ಅದೂ ಸರಿಯಾಗಿತ್ತು.

ಅಹ್ತಿ ಬಾಗಿಲಲ್ಲಿ ನಿಂತಿದ್ದ. ಹಬೆಸ್ನಾನದ ಸಾವ್ನಾದಲ್ಲಿ ಮೈಗೆ ಬಡಿದುಕೊಳ್ಳಲು ಬರ್ಚ್ ಮರದ ಸೊಪ್ಪಿನ ಕಟ್ಟು ಮಾಡಿ ತಂದಿದ್ದ, ಎಲೆಗಳಿಂದ ನೀರು ಇಳಿಯುತ್ತಿತ್ತು. ಅವಳ ಬೆನ್ನು ನೋಡಿಯೇ ಅವನಿಗೆ ಅರ್ಥವಾಯಿತು.

"ಸಿಕ್ತು ಅಂದ್ಬಿಡು," ಅಂದ.

"ಸಿಗ್ಲಿಲ್ಲ."

"ಗೊತ್ತಾಯ್ತು. ಆದ್ರೂ ಸಿಕ್ತು ಅನ್ನು. ಸೋತದ್ದಕ್ಕೆ ಒಂದು ಕಾರಣ ಆಗುತ್ತೆ ಆ ಹುಡುಗಿಗೆ. ಬೈಯೋದು ನನಗೆ ತಾನೇ, ಬೈಲಿ. ಬೈಸ್ಕೊಂಡು ಅಭ್ಯಾಸ ಇದೆ."

ಅವನು ಸೊಪ್ಪಿನ ಕಟ್ಟನ್ನು ಬೇಸಿನ್ನಿಗೆ ಹಾಕಿ ಒಳಗೆ ಬಂದು, ಜಾಮ್ ಸೀಸೆಯ ಒಂದು ಮುಚ್ಚಳವನ್ನು ಅವಳ ಮುಂದಿಟ್ಟ. ಅದರಲ್ಲಿ ಒಂದು ತೋಟಾಕ್ಕಾಗುವಷ್ಟು ಮದ್ದಿತ್ತು. ಹಿಲ್ಕಾ ಭೂತಗನ್ನಡಿ ಹಿಡಿದಳು. ದೊಡ್ಡ ಕಡ್ಡಿಗಳ ನಡುವೆ ಹೊಳಪಿಲ್ಲದ ಸಣ್ಣ ಕಡ್ಡಿಗಳು ಚೆನ್ನಾಗಿ ಬೆರೆತಿದ್ದವು. ಊರಿಗೆ ಹೋಗಿ ತನ್ನ ಮದ್ದಿನ ಹೊಸ ಡಬ್ಬಿ ತಂದು, ಅವಳು ಕೆಲಸಕ್ಕೆ ಹೋದಾಗ ತೂಗಿ ಮಾಡಿಟ್ಟಿದ್ದ. ಅವನ ದೊಡ್ಡ ಬೆರಳುಗಳಿಗೆ ಆ ತೂಕದ ಯಂತ್ರದ ತಟ್ಟೆ ಹಿಡಿಯುವುದೇ ಕಷ್ಟ.

ಅವಳು ಬಹಳ ಹೊತ್ತು ನೋಡಿದಳು. ಸಿಕ್ಕಿತು ಎಂದರೆ ಮಗಳು ಸೋತದ್ದು ದಂಡವಾಗುವುದಿಲ್ಲ. ಆದರೆ ಆಮೇಲೆ ಈ ಮೇಜಿನಿಂದ ಹೋದ ಒಂದು ತೋಟಾವನ್ನೂ ಅವಳು ಕೆನ್ನೆಗಿಟ್ಟು ಹೊಡೆಯಲಾರಳು. ಸಿಗಲಿಲ್ಲ ಎಂದರೆ ಮಗಳಿಗೆ ಬರಬೇಕಾಗಿದ್ದನ್ನು ತಪ್ಪಿಸಿದವಳು ತಾನೇ, ಬರೀ ಒಂದು ಮುಚ್ಚಳಕ್ಕಾಗಿ. ಅಹ್ತಿ ಸಾವ್ನಾಕ್ಕೆ ಬೆಂಕಿ ಹಾಕಲು ಹೋದ. ಹಿಲ್ಕಾ ಮುಚ್ಚಳವನ್ನು ಹಾಗೇ ಮೇಜಿನ ಮೂಲೆಗೆ ಸರಿಸಿದಳು.

ಸೈಮಿ ಮರುದಿನ ಸಂಜೆ ಬಂದಳು. ನಾಯಿ ಅವಳ ಮೇಲೆ ಹಾರಿ ಅಂಗಿಯೆಲ್ಲ ಮಣ್ಣು ಮಾಡಿತು. ಹೊಸ ಆಲೂಗಡ್ಡೆ, ಹೆರಿಂಗ್ ಮೀನು ತಿಂದರು. ಬಸ್ಸಿನಲ್ಲಿ ಕುಡಿದು ಮಲಗಿದವನೊಬ್ಬ ಕೊನೆಯ ನಿಲ್ದಾಣದಲ್ಲಿ ಎದ್ದು ತನ್ನನ್ನೇ ಹೆಂಡತಿ ಎಂದುಕೊಂಡು ಕ್ಷಮೆ ಕೇಳಿದ ಕಥೆ ಹೇಳಿ ಅಪ್ಪನನ್ನು ನಗಿಸಿದಳು. ತಟ್ಟೆಗಳನ್ನು ಎತ್ತಿಟ್ಟ ಮೇಲೆ, ಏನನ್ನೂ ಕೇಳದೆ, ಬಟ್ಟೆ ಒಗೆಯುವ ಕೋಣೆಗೆ ಹೋದಳು. ಹಿಲ್ಕಾ ಕೈ ಒರೆಸಿಕೊಂಡು ಹಿಂದೆಯೇ ಹೋದಳು.

ಮೇಜಿನ ಮೇಲೆ ಹಿತ್ತಾಳೆ ಕೊಳವೆಗಳು ಸಾಲಾಗಿ ನಿಂತಿದ್ದವು. ಕಳಚಿದ ಗುಂಡುಗಳು ಒಂದು ಬಟ್ಟಲಲ್ಲಿ, ಮದ್ದು ಒಂದು ಬೋಗುಣಿಯಲ್ಲಿ. ಮೂಲೆಯಲ್ಲಿ ಜಾಮ್ ಸೀಸೆಯ ಮುಚ್ಚಳ. ಸೈಮಿಯ ಕಣ್ಣು ನೇರ ಅದರ ಮೇಲೆ ಹೋಯಿತು. ಭೂತಗನ್ನಡಿ ತೆಗೆದುಕೊಂಡು ಬಗ್ಗಿದಳು. ಬಗ್ಗಿದ ಕಡೆಯೇ ಅವಳ ಹೆಗಲು ಸಡಿಲವಾದದ್ದನ್ನು ತಾಯಿ ನೋಡಿದಳು.

"ಇದಾ?" ಅಂದಳು ಸೈಮಿ. ಮೆಲ್ಲಗೆ, ಹೆಚ್ಚುಕಡಿಮೆ ಸಂತೋಷದಿಂದ.

ಹಿಲ್ಕಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅಲ್ಲ. ಅದು ನಿಮ್ಮಪ್ಪ ಮಾಡಿಟ್ಟಿದ್ದು. ನಿನಗೆ ತೋರ್ಸಕ್ಕೆ ಅಂತ."

ಸೈಮಿ ತಲೆ ಎತ್ತಲಿಲ್ಲ. "ನಮ್ಮವು?"

"ಎಂಬತ್ತೂ ಸರಿಯಾಗಿದ್ವು."

"ಎಲ್ಲಾನೂ ನೋಡಿದ್ಯಾ?"

"ನೋಡಿದೆ."

"ಅಂದ್ರೆ ಹೊಡೀಬಹುದಿತ್ತು."

"ಹೌದು."

ಸಾವ್ನಾದ ಕಡೆಯಿಂದ ಅಹ್ತಿ ಬಕೆಟ್ಟು ಇಟ್ಟ ಸದ್ದು ಬಂತು. ಸೈಮಿ ಭೂತಗನ್ನಡಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಮಗಳು ಬೋಗುಣಿಯನ್ನು ಎತ್ತಿ ಕಂಕುಳಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಜಾಮ್ ಮುಚ್ಚಳ ಹಿಡಿದು, ತಾಯಿಯ ಪಕ್ಕದಿಂದ ಹಾದು ಹೊರಗೆ ಹೋದಳು.

ಹೊರಗೆ ಸೂರ್ಯ ಇನ್ನೂ ಕೆರೆಯ ಮೇಲಿದ್ದ. ಆಚೆ ದಡದಲ್ಲಿ ಯಾರೋ ಹಬ್ಬದ ಬೆಂಕಿಗೆ ಕಟ್ಟಿಗೆ ಪೇರಿಸುತ್ತಿದ್ದರು. ಸೈಮಿ ಮುಚ್ಚಳವನ್ನು ಅಪ್ಪನ ಅಂಗೈಯಲ್ಲಿಟ್ಟಳು. "ನಿಂದು, ತಗೋ. ನಿನ್ನ ಕೈಕೆಲಸ ಚೆನ್ನಾಗಿದೆ," ಅಂದಳು. ಅಹ್ತಿಯ ಕಿವಿಗಳು ಕೆಂಪಾದವು. ಅವನು ಅದನ್ನು ತೆಗೆದುಕೊಂಡು ಹೋಗಿ ಕರಂಟ್ ಹಣ್ಣಿನ ಪೊದೆಯ ಬುಡಕ್ಕೆ ಸುರಿದು, ಕಾಲಿನಿಂದ ಮಣ್ಣು ಎಳೆದ. ಬೇಡದ ಮದ್ದು ಹಣ್ಣಿನ ಗಿಡಕ್ಕೆ ಒಳ್ಳೆಯ ಗೊಬ್ಬರ.

ಬೋಗುಣಿಯದು ಪಾತಿಗೆ ಹಾಕಲು ಜಾಸ್ತಿ. ಸೈಮಿ ದೋಣಿಯಿಂದ ದೂರ, ಜಲ್ಲಿಯ ಮೇಲೆ ಕೂತು, ಮುಷ್ಟಿಯಿಂದ ಮದ್ದನ್ನು ಸಣ್ಣಗೆ ಬಿಡುತ್ತ ಹಿಂದಕ್ಕೆ ಹಿಂದಕ್ಕೆ ಸರಿದಳು. ರಂಗೋಲಿಯ ಎಳೆಯಂತೆ ತೆಳುವಾದ ಬೂದು ಗೆರೆಯೊಂದು ಅಂಗಳದ ಉದ್ದಕ್ಕೂ ಬಿತ್ತು. ಬೋಗುಣಿ ಬರಿದಾದಾಗ ಅಂಗೈ ತಟ್ಟಿಕೊಂಡಳು.

"ಆ ಹಿತ್ತಾಳೆ ಕೊಳವೆ ಎಸೀಬೇಡ," ಅಂದಳು, ತಾಯಿಯ ಕಡೆ ನೋಡದೆ.

"ಇಲ್ಲ," ಅಂದಳು ಹಿಲ್ಕಾ.

ಸೈಮಿ ಕಡ್ಡಿ ಗೀರಿ ಗೆರೆಯ ತುದಿಗೆ ಮುಟ್ಟಿಸಿ ಹಿಂದೆ ಸರಿದಳು. ಹಳದಿ ಉರಿ ಎದ್ದು, ಮೊಣಕಾಲೆತ್ತರಕ್ಕೂ ಬಾರದೆ, ಸದ್ದಿಲ್ಲದೆ ಗೆರೆಯ ಮೇಲೆ ಹೊರಟಿತು. ಮೂವರೂ ನಿಂತು ನೋಡಿದರು. ಅದು ಬೇಗ ಉರಿಯುವ ಮದ್ದಿನ ಹಾಗೆ ಎಲ್ಲೂ ಹಾರಲಿಲ್ಲ, ಎಲ್ಲೂ ತಡೆಯಲಿಲ್ಲ. ಕಟ್ಟಿಗೆ ಮೋಟನ್ನು ದಾಟಿ, ಟಾರಿನ ಡಬ್ಬ ಇದ್ದ ಗುರುತನ್ನು ದಾಟಿ, ಮೊದಲು ಇದ್ದಷ್ಟೇ ಎತ್ತರದಲ್ಲಿ, ಮೊದಲಿನ ನಡಿಗೆಯಲ್ಲೇ ಬೇಲಿಯ ತನಕ ಹೋಗಿ ಆರಿತು.